ಚಿತ್ರ ಬೇಡುವ ನಗೆ, ಚಿತ್ರ ಒಲ್ಲದ ನಗೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ, ಹಾಸ್ಯಪ್ರಧಾನ ಅದ್ಭುತ (ಫ್ಯಾಂಟಸಿ) ಕಾದಂಬರಿಗಳ ಸಚಿತ್ರ ವಿಶೇಷ ಆವೃತ್ತಿಗಳನ್ನು ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಟ್ಟೆ ಹೊದಿಸಿದ ರಟ್ಟು, ಹೊಲಿಗೆಯ ಬೈಂಡಿಂಗು, ಒಳಗೆ ಪುಟ ತುಂಬ ವರ್ಣಚಿತ್ರ, ಇಡೀ ಪುಸ್ತಕಕ್ಕೊಂದು ಗಟ್ಟಿ ಕವಚ ಇರುವಂಥ ಪುಸ್ತಕಗಳು ಕನ್ನಡದಲ್ಲಿಯೂ ಬರಬೇಕೆಂಬ ಲೇಖಕರ ಆಸೆಗೆ ನನ್ನ ಪೂರ್ಣ ಸಹಮತವಿದೆ. ಆದರೆ ಯಾವ ಕೃತಿಗೆ ಈ ಮರ್ಯಾದೆ ಸಲ್ಲಬೇಕೆಂದು ತೀರ್ಮಾನಿಸಲು ಅವರು ಮುಂದಿಟ್ಟಿರುವ ಎರಡು ಅಳತೆಗೋಲುಗಳನ್ನು, ಅಂದರೆ ಹೆಚ್ಚು ಮಾರಾಟವಾದದ್ದಕ್ಕೆ ಮೊದಲ ಮಣೆ, ಸರಣಿಯಾಗಿದ್ದರೆ ಅದರ ಮೊದಲ ಪುಸ್ತಕಕ್ಕೇ ಮೊದಲ ಮಣೆ ಎಂಬುದನ್ನು, ಬಹುಕಾಲ ಕಾಲೇಜು ಗ್ರಂಥಾಲಯದಲ್ಲಿ ಪುಸ್ತಕಗಳ ನಡುವೆಯೇ ಕಳೆದ ನನಗೆ ಒಪ್ಪಿಕೊಳ್ಳಲು ಸಾಧ್ಯವಾಗುತ್ತಿಲ್ಲ.

ಮಾರಾಟದ ಲೆಕ್ಕ ಪ್ರಕಾಶಕರಿಗೆ ಬೇಕಾದದ್ದೇ. ಆದರೆ ಆ ಲೆಕ್ಕ ಹೇಳುವುದು ಪುಸ್ತಕ ಈಗಾಗಲೇ ಬಹಳ ಜನರ ಮನೆ ಸೇರಿದೆ ಎಂಬುದನ್ನಷ್ಟೇ. ಹಲವು ಸಾವಿರ ರೂಪಾಯಿ ಕೊಟ್ಟು ವಿಶೇಷ ಆವೃತ್ತಿಯನ್ನು ತರಿಸಿಕೊಳ್ಳುವವನು ಬಹುಮಟ್ಟಿಗೆ ಆ ಕಥೆಯನ್ನು ಒಮ್ಮೆಯಾದರೂ ಓದಿ ಮುಗಿಸಿದವನೇ ಆಗಿರುತ್ತಾನೆ. ಮುಂದೇನಾಯಿತೆಂಬ ಕುತೂಹಲ ಅವನಿಗೆ ಉಳಿದಿರುವುದಿಲ್ಲ. ಆದ್ದರಿಂದ ಕಥೆ ಗೊತ್ತಿದ್ದೂ, ಯಾವ ತಿರುವಿನಲ್ಲಿ ನಗು ಬರುತ್ತದೆಂದು ತಿಳಿದಿದ್ದೂ ಮತ್ತೆ ಕೈಗೆತ್ತಿಕೊಳ್ಳಬೇಕೆನಿಸುವ ಪುಸ್ತಕ ಯಾವುದು ಎಂದು ಮೊದಲು ಕೇಳಿಕೊಳ್ಳಬೇಕು. ಅದಾದ ಮೇಲೆ, ಆ ಪುಸ್ತಕದಲ್ಲಿ ಚಿತ್ರಕಾರನಿಗೆ ನಿಜವಾಗಿ ಕೆಲಸವಿದೆಯೇ ಎಂದು ನೋಡಬೇಕು. ಹಾಸ್ಯದ ವಿಷಯದಲ್ಲಿ ಈ ಎರಡನೆಯ ಪ್ರಶ್ನೆ ತುಸು ತೊಡಕಿನದು. ವಾಕ್ಯ ಒಮ್ಮೆ ನಗಿಸಿದ ಮೇಲೆ ಚಿತ್ರವೂ ಅದನ್ನೇ ಹಿಡಿದು ನಗಿಸಲು ಹೊರಟರೆ ಎರಡೂ ಕೆಡುತ್ತವೆ. ಬರಹಗಾರ ತನ್ನ ವಿಚಿತ್ರ ಲೋಕವನ್ನು ಗಂಭೀರವಾಗಿ ನಂಬಿ, ಅಲ್ಲಿನ ಪಾತ್ರಗಳು ತಾವು ಹಾಸ್ಯದ ವಸ್ತುಗಳೆಂದು ತಿಳಿಯದೆ ತಮ್ಮ ಪಾಡಿಗೆ ತಾವು ಬದುಕುತ್ತಿದ್ದರೆ ಮಾತ್ರ ಚಿತ್ರಕಾರನಿಗೆ ಆ ಲೋಕವನ್ನು ಕಟ್ಟಿಕೊಡುವ ಅವಕಾಶ ಸಿಗುತ್ತದೆ. ನನ್ನ ಆಯ್ಕೆಯ ಮಾನದಂಡ ಇಷ್ಟೇ. ಉಳಿದದ್ದೆಲ್ಲ ಇದರಿಂದಲೇ ಹುಟ್ಟಿದ್ದು.

ಈ ಮಾನದಂಡಕ್ಕೆ ಇಂದಿಗೂ ಮೀರಿದ ನಿದರ್ಶನವಿಲ್ಲದ್ದು ಲೂಯಿಸ್ ಕ್ಯಾರೊಲ್ ಬರೆದು ಜಾನ್ ಟೆನಿಯಲ್ ಚಿತ್ರಿಸಿದ ಆಲಿಸಳ ಎರಡು ಕಥೆಗಳು. 1865ರಲ್ಲಿ ಮೊದಲ ಪುಸ್ತಕದ 2,000 ಪ್ರತಿಗಳು ಅಚ್ಚಾದ ಮೇಲೆ, ಚಿತ್ರಗಳು ಸರಿಯಾಗಿ ಮೂಡಿಲ್ಲವೆಂದು ಟೆನಿಯಲ್ ಆಕ್ಷೇಪಿಸಿದ್ದರಿಂದ ಆ ಮುದ್ರಣವನ್ನೇ ಹಿಂತೆಗೆದುಕೊಂಡು ಪುಸ್ತಕವನ್ನು ಬೇರೊಂದು ಮುದ್ರಣಾಲಯದಲ್ಲಿ ಹೊಸದಾಗಿ ಅಚ್ಚು ಹಾಕಿಸಲಾಯಿತು. ಬೇಡವಾದ ಹಾಳೆಗಳು ಅಮೆರಿಕದ ಪ್ರಕಾಶಕರೊಬ್ಬರ ಪಾಲಾದವು. ಮುದ್ರಣದ ವೆಚ್ಚ ಲೇಖಕನ ಕೈಯಿಂದಲೇ ಹೋಗಬೇಕಾಗಿದ್ದ ಒಪ್ಪಂದ ಅದು ಎಂಬುದನ್ನು ನೆನೆದರೆ, ಚಿತ್ರಕಾರನ ಮಾತಿಗೆ ಅಲ್ಲಿದ್ದ ತೂಕ ಎಷ್ಟೆಂದು ಅರಿವಾಗುತ್ತದೆ. ಎರಡನೆಯ ಪುಸ್ತಕದಲ್ಲಿದ್ದ ಕಣಜದ ಪ್ರಸಂಗವೊಂದು ತನಗೆ ಹಿಡಿಸಿಲ್ಲ, ಅದನ್ನು ಚಿತ್ರಿಸುವ ದಾರಿಯೂ ಕಾಣುತ್ತಿಲ್ಲ ಎಂದು ಟೆನಿಯಲ್ ಕಾಗದ ಬರೆದಾಗ ಕ್ಯಾರೊಲ್ ಆ ಪ್ರಸಂಗವನ್ನೇ ಕೈಬಿಟ್ಟರು.

ಆ ಎರಡನೆಯ ಪುಸ್ತಕದಲ್ಲಿ, ಅಂದರೆ 1871ರ ಕೊನೆಯಲ್ಲಿ ಬಂದ ಕನ್ನಡಿಯೊಳಗಿನ ಲೋಕದ ಕಥೆಯಲ್ಲಿ, ಒಂದು ಹಾಳೆಯನ್ನು ನೋಡಲೇಬೇಕು. ಹಾಳೆಯ ಒಂದು ಬದಿಯಲ್ಲಿ ಆಲಿಸ್ ಅಗ್ಗಿಷ್ಟಿಕೆಯ ಮೇಲಿನ ಪಟ್ಟಿಯಲ್ಲಿ ಮಂಡಿಯೂರಿ ಕೈಯನ್ನು ಕನ್ನಡಿಗೆ ಒತ್ತಿದ್ದಾಳೆ. ಅವಳ ಬೆನ್ನು ನಮ್ಮ ಕಡೆಗಿದೆ. ಹಾಳೆ ಮಗುಚಿದರೆ ಅದೇ ಜಾಗದ ಹಿಂಬದಿಯಲ್ಲಿ ಅವಳು ಕನ್ನಡಿಯಿಂದ ಆಚೆಗೆ, ನಮ್ಮ ಕಡೆಗೆ ಮುಖ ಮಾಡಿ ಹೊರಬರುತ್ತಿದ್ದಾಳೆ. ಕಾಗದವೇ ಕನ್ನಡಿಯಾಗಿ, ಪುಟ ತಿರುವುವ ಓದುಗನ ಬೆರಳೇ ಅವಳನ್ನು ಆಚೆಗೆ ದಾಟಿಸುತ್ತದೆ. ಚಿತ್ರಗಳನ್ನು ಅಚ್ಚಿಗೆ ಅನುಕೂಲವಾದ ಕಡೆ ಸೇರಿಸಿಬಿಟ್ಟಿದ್ದರೆ ಈ ಚಮತ್ಕಾರ ಇರುತ್ತಿರಲಿಲ್ಲ. ಇಂದು ನೂರಾರು ಪ್ರಕಾಶಕರು ಹೊರತರುತ್ತಿರುವ ಆಲಿಸ್ ಪುಸ್ತಕಗಳಲ್ಲಿ ಎಷ್ಟೋ ಪುಸ್ತಕಗಳು ಈ ಎರಡು ಚಿತ್ರಗಳನ್ನು ಎದುರುಬದುರು ಪುಟಗಳಲ್ಲಿಟ್ಟು ಅದನ್ನು ಹಾಳುಗೆಡಹಿವೆ. ರಟ್ಟಿನ ಮೇಲೆ ಎಷ್ಟು ಚಿನ್ನದ ರೇಕು ಒತ್ತಿದರೇನು, ಅಂಥದ್ದನ್ನು ನಾನು ವಿಶೇಷ ಆವೃತ್ತಿ ಎನ್ನಲಾರೆ.

ಈಗ ತಮ್ಮ ಲೇಖಕರು ಬಹಳವಾಗಿ ಕೊಂಡಾಡಿರುವ ಇಂಗ್ಲಿಷ್ ಹಾಸ್ಯಲೇಖಕ ಟೆರಿ ಪ್ರ್ಯಾಚೆಟ್ ಅವರ ಡಿಸ್ಕ್‌ವರ್ಲ್ಡ್ ಸರಣಿಗೆ ಬರುತ್ತೇನೆ. 1983ರಿಂದ 2015ರವರೆಗೆ ಬಂದ 41 ಕಾದಂಬರಿಗಳ ಈ ಸರಣಿಯನ್ನು ಮೊದಲಿನಿಂದ ಸಾಲಾಗಿ ವಿಶೇಷ ಆವೃತ್ತಿಯಾಗಿ ತರಬೇಕೆಂಬುದು ಅವರ ಸಲಹೆ. ಮೊದಲ ಪುಸ್ತಕ ದಿ ಕಲರ್ ಆಫ್ ಮ್ಯಾಜಿಕ್ ಅನ್ನು ಪ್ರೀತಿಯಿಂದ ಓದಿದ್ದರೂ ಈ ಸಲಹೆಯನ್ನು ನಾನು ವಿರೋಧಿಸುತ್ತೇನೆ. ಆ ಪುಸ್ತಕದ ನಗೆ ಬಹುಪಾಲು ಬೇರೆ ಪುಸ್ತಕಗಳ ಅಣಕದಿಂದ ಹುಟ್ಟಿದ್ದು; ಅಂದಿನ ಕತ್ತಿವರಸೆಯ ಅದ್ಭುತ ಕಥೆಗಳನ್ನು ಓದಿದವರಿಗೆ ಅದರ ರುಚಿ ಹತ್ತುವಂತೆ ಉಳಿದವರಿಗೆ ಹತ್ತುವುದಿಲ್ಲ. ಅಲ್ಲದೆ ಕಥೆ ಅಲ್ಲಿಗೆ ಮುಗಿಯುವುದೂ ಇಲ್ಲ. ನಾಯಕನೆನಿಸಿದ ಅರೆಬೆಂದ ಮಾಂತ್ರಿಕ ತಟ್ಟೆಯಂತೆ ಚಪ್ಪಟೆಯಾದ ಆ ಲೋಕದ ಅಂಚಿನಿಂದ ಕೆಳಗೆ ಬೀಳುವಲ್ಲಿಗೆ ಪುಸ್ತಕ ನಿಲ್ಲುತ್ತದೆ. ಮುಂದಿನ ಕಥೆಗೆ 1986ರ ಎರಡನೆಯ ಪುಸ್ತಕವನ್ನು ಹಿಡಿಯಬೇಕು. ಇಷ್ಟು ವೆಚ್ಚ ಮಾಡಿ ಅರ್ಧ ಕಥೆಗೆ ಕವಚ ತೊಡಿಸುವುದರಲ್ಲಿ ಅರ್ಥವಿಲ್ಲ.

ಇದೇ ಪುಸ್ತಕದ ರಕ್ಷಾಪುಟದ ಕಥೆಯೂ ಇಲ್ಲಿ ಪ್ರಸ್ತುತ. ಬಹುಕಾಲ ಈ ಸರಣಿಯ ಮುಖಚಿತ್ರಗಳನ್ನು ಬರೆದ ಜೋಶ್ ಕರ್ಬಿ, ಕನ್ನಡಕ ಹಾಕಿದ ಪ್ರವಾಸಿಯೊಬ್ಬನನ್ನು ಕಥೆಯಲ್ಲಿ ನಾಲ್ಕು ಕಣ್ಣಿನವನೆಂದು ಕರೆದಿದ್ದನ್ನು ಹಾಗೆ ಹಾಗೆಯೇ ಹಿಡಿದು, ಅವನ ಮುಖದಲ್ಲಿ ನಿಜವಾಗಿಯೂ ನಾಲ್ಕು ಕಣ್ಣುಗಳನ್ನು ಬರೆದರು. ಅಭಿಮಾನಿಗಳು ಇಂದಿಗೂ ಅದನ್ನು ಹೇಳಿಕೊಂಡು ನಗುತ್ತಾರೆ. ಕರ್ಬಿಯವರ ಬಣ್ಣಗಾರಿಕೆ, ಒಂದೇ ಚೌಕಟ್ಟಿನಲ್ಲಿ ಅವರು ಕಿಕ್ಕಿರಿಸುತ್ತಿದ್ದ ಜನಜಾತ್ರೆ ನನಗೂ ಇಷ್ಟವೇ. ಅಂಗಡಿಯ ಕಪಾಟಿನಲ್ಲಿ ಗಿರಾಕಿಯನ್ನು ಕೂಗಿ ಕರೆಯಬೇಕಾದ ಮುಖಪುಟಕ್ಕೆ ಅದು ಒಪ್ಪುತ್ತದೆ. ಆದರೆ ಓದುಗ ಪುಟದಿಂದ ಪುಟಕ್ಕೆ ನಿಧಾನವಾಗಿ ಸಾಗುವಾಗ ಒಳಚಿತ್ರಗಳು ಹಾಗೆ ಗದ್ದಲ ಮಾಡಿದರೆ ವಾಕ್ಯದ ದನಿ ಕೇಳಿಸುವುದಿಲ್ಲ. 2001ರಲ್ಲಿ ಕರ್ಬಿ ತೀರಿಕೊಂಡ ಮೇಲೆ ಈ ಲೋಕದ ಮುಖ್ಯ ಚಿತ್ರಕಾರರಾದ ಪಾಲ್ ಕಿಡ್‌ಬಿಯವರ ಕೈ ಹೆಚ್ಚು ಸಂಯಮದ್ದು. ಅದೇ ವರ್ಷ ಅವರ ಚಿತ್ರಗಳೊಂದಿಗೆ ದೊಡ್ಡ ಆಕಾರದಲ್ಲಿ ಬಂದ ದಿ ಲಾಸ್ಟ್ ಹೀರೋ ಇದಕ್ಕೆ ಸಾಕ್ಷಿ. ಅದಕ್ಕೂ ಹಿಂದೆ, 1990ರಲ್ಲಿ, ಎರಿಕ್ ಎಂಬ ಕಿರುಕಾದಂಬರಿ ಕರ್ಬಿಯವರ ಚಿತ್ರಗಳಿಗೆಂದೇ ದೊಡ್ಡ ಆಕಾರದಲ್ಲಿ ಬಂದಿತ್ತು. ಮುಂದೆ ಅದನ್ನು ಚಿತ್ರಗಳಿಲ್ಲದೆ ಸಾಮಾನ್ಯ ಪುಸ್ತಕವಾಗಿ ಅಚ್ಚು ಹಾಕಿದಾಗ ಬರಹ ತೆಳುವೆಂಬುದು ಎದ್ದು ಕಂಡಿತು. ಚಿತ್ರ ತೆಗೆದರೆ ನಿಲ್ಲಲಾರದ ಬರಹಕ್ಕೆ ಚಿತ್ರ ಹಾಕಿಯೂ ಹೆಚ್ಚು ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಸರಣಿಯಲ್ಲಿ ನನ್ನ ಮೊದಲ ಆಯ್ಕೆ 1992ರ ಸ್ಮಾಲ್ ಗಾಡ್ಸ್. ಇದನ್ನು ಓದಲು ಬೇರಾವ ಪುಸ್ತಕವನ್ನೂ ಓದಿರಬೇಕಿಲ್ಲ, ಕಥೆ ತನ್ನಷ್ಟಕ್ಕೆ ಪೂರ್ಣ. ಸಾಮ್ರಾಜ್ಯವೊಂದರ ಮಹಾದೇವತೆ ವೃಷಭ ರೂಪದಲ್ಲಿ ಪ್ರಕಟವಾಗಬೇಕೆಂದು ಹೊರಟು ಆಮೆಯಾಗಿ ನೆಲಕ್ಕೆ ಬೀಳುತ್ತದೆ, ಏಕೆಂದರೆ ದೇಗುಲಗಳೂ ಅರ್ಚಕರೂ ವಿಚಾರಣಾಧಿಕಾರಿಗಳೂ ಲೆಕ್ಕವಿಲ್ಲದಷ್ಟಿದ್ದರೂ ದೇವರನ್ನು ನಿಜವಾಗಿ ನಂಬುವವನು ತೋಟದ ಕೆಲಸದ ಹುಡುಗನೊಬ್ಬನನ್ನು ಬಿಟ್ಟರೆ ಯಾರೂ ಉಳಿದಿಲ್ಲ. ಕೂರ್ಮಾವತಾರವನ್ನು ಕಂಬಕಂಬದಲ್ಲಿ ನೋಡಿ ಬೆಳೆದ ನಮಗೆ ದೇವರು ಆಮೆಯಾಗುವುದರಲ್ಲಿ ನಗಲು ಏನೂ ಇಲ್ಲ. ಆ ದೇವರ ಮಾತು ಒಬ್ಬನಿಗಲ್ಲದೆ ಯಾರಿಗೂ ಕೇಳಿಸದಿರುವುದರಲ್ಲಿ ಅದರ ನಗೆಯೂ ಇದೆ, ನೋವೂ ಇದೆ. ಚಿತ್ರಕಾರ ಇಲ್ಲಿ ಆಮೆಯನ್ನು ಆಮೆಯಾಗಿಯೇ ಬರೆಯಬೇಕು. ಅದಕ್ಕೆ ಮನುಷ್ಯರ ಹುಬ್ಬನ್ನೋ ತುಟಿಯಂಚಿನ ನಗುವನ್ನೋ ಕೊಟ್ಟ ಕ್ಷಣವೇ ಅದು ಮಕ್ಕಳ ವ್ಯಂಗ್ಯಚಿತ್ರವಾಗಿಬಿಡುತ್ತದೆ. ಎರಡನೆಯ ಆಯ್ಕೆ 1987ರ ಮಾರ್ಟ್. ಅಲ್ಲಿ ಸಾವು ಎಂಬಾತ ಹಳ್ಳಿಯ ಹುಡುಗನೊಬ್ಬನನ್ನು ಕೆಲಸ ಕಲಿಯಲು ಸೇರಿಸಿಕೊಂಡು, ತಾನು ರಜೆ ಹಾಕಿ, ಕೊನೆಗೆ ಹೋಟೆಲೊಂದರ ಅಡುಗೆಭಟ್ಟನಾಗಿ ನೆಮ್ಮದಿ ಕಾಣುತ್ತಾನೆ. 1947ರಲ್ಲಿ ಸ್ಥಾಪನೆಯಾದ, ಸಚಿತ್ರ ವಿಶೇಷ ಆವೃತ್ತಿಗಳನ್ನು ತರುವ ಲಂಡನ್ನಿನ ಪ್ರಕಾಶನ ಸಂಸ್ಥೆ ಫೋಲಿಯೋ ಸೊಸೈಟಿ ಈ ಎರಡೂ ಕಾದಂಬರಿಗಳನ್ನು ಒಮರ್ ರಯ್ಯಾನ್ ಅವರ ಚಿತ್ರಗಳೊಂದಿಗೆ ಹೊರತಂದಿದೆ. ಸರಣಿಯ ಮೊದಲ ಪುಸ್ತಕಕ್ಕೆ ಕಟ್ಟುಬೀಳದ ಆ ಆಯ್ಕೆ ನನಗೆ ಸರಿಯೆನಿಸುತ್ತದೆ.

ವಿಶೇಷ ಆವೃತ್ತಿಯೆಂದರೆ ಚಿತ್ರಗಳಷ್ಟೇ ಎಂಬ ಭಾವನೆಯೂ ತಮ್ಮ ಲೇಖನದಲ್ಲಿ ಕಂಡಿತು. ಪ್ರ್ಯಾಚೆಟ್ಟರ ಬಹುಪಾಲು ಕಾದಂಬರಿಗಳಲ್ಲಿ ಅಧ್ಯಾಯಗಳೇ ಇಲ್ಲ. ಅಧ್ಯಾಯದ ನೆತ್ತಿಯ ಮೇಲೆ ಚಿಕ್ಕ ಚಿತ್ರ ಕೂರಿಸುವ ಸುಲಭದ ದಾರಿ ವಿನ್ಯಾಸಕಾರನಿಗೆ ಅಲ್ಲಿ ಮುಚ್ಚಿದೆ. ಸಾವಿನ ಮಾತುಗಳು ಉದ್ಧರಣ ಚಿಹ್ನೆಗಳಿಲ್ಲದೆ ಪೂರ್ತಿ ಇಂಗ್ಲಿಷಿನ ದೊಡ್ಡಕ್ಷರಗಳ (ಕ್ಯಾಪಿಟಲ್) ರೂಪದಲ್ಲಿ ಬರುತ್ತವೆ. ಅಚ್ಚುಮೊಳೆಯ ಆಯ್ಕೆ ತಪ್ಪಿದರೆ ತಣ್ಣಗಿನ ಆ ದನಿ ಕಿರುಚಾಟದಂತೆ ಕಾಣುತ್ತದೆ. ಅಡಿಟಿಪ್ಪಣಿಗಳ ವಿಷಯವಂತೂ ಇನ್ನೂ ನಾಜೂಕು. ಅರ್ಧ ನಗೆ ಮೇಲಿನ ಸಾಲಿನಲ್ಲಿದ್ದರೆ ಉಳಿದರ್ಧ ಪುಟದ ಅಡಿಯಲ್ಲಿ ಕಾದಿರುತ್ತದೆ. ಪುಟ ಚೊಕ್ಕಟವಾಗಿ ಕಾಣಲೆಂದು ಟಿಪ್ಪಣಿಗಳನ್ನು ಪುಸ್ತಕದ ಕೊನೆಗೆ ಸಾಗಹಾಕಿದರೆ, ಓದುಗ ಮುನ್ನೂರು ಪುಟ ಹಾರಿ ಅದನ್ನು ಹುಡುಕಿ ಬರುವಷ್ಟರಲ್ಲಿ ನಗೆ ಆರಿರುತ್ತದೆ. ಇಂಥ ಕಡೆ ಒಂದು ವರ್ಣಚಿತ್ರ ಕಡಿಮೆಯಾದರೂ ಚಿಂತೆಯಿಲ್ಲ, ಪುಟ ಕಟ್ಟುವವನಿಗೆ ಇನ್ನೊಂದು ತಿಂಗಳು ಕೊಡಿ ಎಂದು ನಾನು ಪ್ರಕಾಶಕರಿಗೆ ಹೇಳುತ್ತೇನೆ.

ಗಂಭೀರ ಚೌಕಟ್ಟಿನಲ್ಲಿ ನಗೆಯನ್ನು ಎಷ್ಟು, ಎಲ್ಲಿ ಇಡಬೇಕೆಂಬುದನ್ನು ಕಲಿಯಲು ನಮ್ಮ ಕಡೆಯ ಚಿತ್ರಕಾರರು ಲಂಡನ್ನಿಗೆ ಹೋಗಬೇಕಾಗಿಯೂ ಇಲ್ಲ. ಚಿಕ್ಕಮಗಳೂರಿನಿಂದ ಬಸ್ಸು ಹಿಡಿದರೆ ಗಂಟೆಯೊಳಗೆ ಬೇಲೂರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ಮದನಿಕೆಯರಲ್ಲಿ ಒಬ್ಬಳ ಸೆರಗನ್ನು ಕೋತಿಯೊಂದು ಜಗ್ಗುತ್ತಿದೆ. ಇನ್ನೊಬ್ಬಳ ತಲೆಯ ಮೇಲಿನ ಎಲೆಗೊಂಚಲಿನಲ್ಲಿ ಹಣ್ಣಿನ ಮೇಲೆ ಕೂತ ನೊಣವೊಂದಕ್ಕೆ ಹಲ್ಲಿ ಹೊಂಚು ಹಾಕಿದೆ. ಮದನಿಕೆಗೆ ಅದರ ಪರಿವೆಯೇ ಇಲ್ಲ. ಮಾರ್ಗದರ್ಶಕರು ಕೈದೀಪದ ಬೆಳಕು ಬಿಟ್ಟು ತೋರಿಸುವವರೆಗೆ ನೋಡಲು ಬಂದವರಿಗೂ ಇರುವುದಿಲ್ಲ. ಶಿಲ್ಪಿ ಆ ಹಲ್ಲಿಯನ್ನು ದೊಡ್ಡದು ಮಾಡಿ ನಡುವೆ ನಿಲ್ಲಿಸಿದ್ದರೆ ಎರಡು ಸಲ ನೋಡುವವರು ಇರುತ್ತಿರಲಿಲ್ಲ.

ಇನ್ನು ಕನ್ನಡದಲ್ಲಿ ಮೊದಲು ಯಾವುದು ಎಂಬ ಪ್ರಶ್ನೆ. ಹಾಸ್ಯ ಬರಹಕ್ಕೆ ತಕ್ಕ ಚಿತ್ರ ಹೇಗಿರಬೇಕೆಂಬುದಕ್ಕೆ ನಮ್ಮಲ್ಲಿ ಮೇಲ್ಪಂಕ್ತಿಯಿದೆ; ಅದು ಕಾದಂಬರಿಯಲ್ಲ, ಅದ್ಭುತ ಕಥೆಯೂ ಅಲ್ಲ ಎಂಬುದು ಬೇರೆ ಮಾತು. ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ಪುಸ್ತಕದಲ್ಲಿ ವಿದ್ಯಾರ್ಥಿಗಳ ತರಲೆಯನ್ನು ಹೇಳುತ್ತ ಹೊಟ್ಟೆ ಹುಣ್ಣಾಗುವಂತೆ ನಗಿಸುವ ಗದ್ಯದ ಪಕ್ಕದಲ್ಲಿ, ಲೇಖಕರೇ ಬರೆದ ಗಿಡಮರಗಳ ರೇಖಾಚಿತ್ರಗಳು ಸಸ್ಯಶಾಸ್ತ್ರದ ಕಟ್ಟುನಿಟ್ಟಿನಲ್ಲಿ, ಎಳ್ಳಷ್ಟೂ ನಗದೆ ನಿಂತಿವೆ. ಎರಡೂ ಒಂದನ್ನೊಂದು ಕಾಯುತ್ತವೆ.

ನಮ್ಮ ಜಿಲ್ಲೆಯವರು ಇಂಥ ಮಾತು ಬಂದೊಡನೆ ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ ಎನ್ನುತ್ತಾರೆ. ಮೂಡಿಗೆರೆಯ ಮಳೆ, ಮಂದಣ್ಣ, ಹಾರುವ ಓತಿ ಎಲ್ಲವೂ ನನಗೂ ಮನೆಯವರಷ್ಟೇ ಹತ್ತಿರ. ಆದರೂ ಈ ಪಟ್ಟಿಯಲ್ಲಿ ಅದನ್ನು ಸೇರಿಸಲು ನಾನು ಒಪ್ಪುವುದಿಲ್ಲ. ಅದರ ಬೆರಗು ಕಲ್ಪಿತ ಲೋಕದ್ದಲ್ಲ, ನಮ್ಮದೇ ಕಾಡಿನದು. ಅದಕ್ಕಿಂತ ಮುಖ್ಯವಾಗಿ, ಇಡೀ ಪುಸ್ತಕ ಕಾಣದ್ದನ್ನು ಹುಡುಕುವ ಕಥೆಯಾಗಿರುವಾಗ ಚಿತ್ರಕಾರ ಆ ಓತಿಯನ್ನು ಪುಟ ತುಂಬ ಬರೆದಿಟ್ಟರೆ ಹುಡುಕುವವರ ಕೆಲಸವನ್ನೇ ಕಸಿದುಕೊಂಡಂತಾಗುತ್ತದೆ. ಆ ನಗೆಗೆ ಚಿತ್ರ ಬೇಕಿಲ್ಲ. ಒಳ್ಳೆಯ ಕಾಗದ, ದೊಡ್ಡ ಅಕ್ಷರ, ಗಟ್ಟಿ ಹೊಲಿಗೆ ಕೊಟ್ಟರೆ ಸಾಕು.

ಮುದ್ದಣನ ಶ್ರೀರಾಮಾಶ್ವಮೇಧದ ಪರವಾಗಿ ಸ್ವಲ್ಪ ವಾದಿಸಬಹುದು. ಕಥೆ ಹೇಳುವ ಗಂಡ, ಹೆಜ್ಜೆಹೆಜ್ಜೆಗೂ ಬಾಯಿ ಹಾಕಿ ಪದ್ಯ ಬೇಡವೆಂದೂ ಅದು ತಿಳಿಯಲಿಲ್ಲವೆಂದೂ ತಗಾದೆ ತೆಗೆಯುವ ಹೆಂಡತಿ, ಅವರಿಬ್ಬರ ಸಲ್ಲಾಪದ ಒಳಗೆ ಕುದುರೆಯ ಹಿಂದೆ ಹೊರಟ ಪುರಾಣದ ಸೈನ್ಯ. ಅಪ್ಪ ಮಗನಿಗೆ ಓದಿ ಹೇಳಿದ ಕಥೆಯೆಂಬ ನೆಪದಲ್ಲಿ 1973ರಲ್ಲಿ ವಿಲಿಯಂ ಗೋಲ್ಡ್‌ಮನ್ ಬರೆದ ದಿ ಪ್ರಿನ್ಸೆಸ್ ಬ್ರೈಡ್ ಕಾದಂಬರಿಯ ಕಟ್ಟನ್ನು ಮೆಚ್ಚುವವರು ಅದಕ್ಕೂ ಏಳು ದಶಕ ಹಿಂದೆ, 1901ರಲ್ಲಿ, ತೀರಿಕೊಂಡ ನಂದಳಿಕೆಯ ಈ ಕವಿಯನ್ನು ಒಮ್ಮೆ ನೋಡಬೇಕು. ಇಲ್ಲಿ ಚಿತ್ರಕಾರ ಸೈನ್ಯವನ್ನೂ ಯುದ್ಧವನ್ನೂ ಹಳೆಯ ಭಿತ್ತಿಚಿತ್ರದ ಗಾಂಭೀರ್ಯದಲ್ಲಿ ಬರೆದು, ಮುದ್ದಣ ಮನೋರಮೆಯರನ್ನು ಪುಟದ ಅಂಚಿನಲ್ಲಿ ಚಿಕ್ಕದಾಗಿ ಕೂರಿಸಬಹುದು. ಆದರೆ ಭಾಷೆ ಹಳಗನ್ನಡದ ವೇಷ ತೊಟ್ಟಿರುವುದರಿಂದ ಟಿಪ್ಪಣಿಗಳ ಭಾರ ಹೆಚ್ಚು. ಮೊದಲ ಪ್ರಯತ್ನಕ್ಕೆ ಅದನ್ನು ಎತ್ತಿಕೊಳ್ಳುವುದು ಬೇಡ.

ಹೀಗಾಗಿ ನಾನು ಸೂಚಿಸುವುದು ನಾ. ಕಸ್ತೂರಿಯವರ ಪಾತಾಳದಲ್ಲಿ ಪಾಪಚ್ಚಿ. ಹಾಸ್ಯಪತ್ರಿಕೆ ಕೊರವಂಜಿಯ ಓದುಗರನ್ನು ನಗಿಸಿದ, ಅನರ್ಥಕೋಶದಂಥ ವಿಚಿತ್ರ ನಿಘಂಟನ್ನು ಕಟ್ಟಿದ ಕಸ್ತೂರಿಯವರ ಕೈಯಲ್ಲಿ ಆಲಿಸ್ ಪಾಪಚ್ಚಿಯಾಗಿ ಕನ್ನಡದ ಹುಡುಗಿಯಾದಳು. ಇದನ್ನು ಸಚಿತ್ರವಾಗಿ ತರುವವರಿಗೆ ಒಂದು ದೊಡ್ಡ ಪ್ರಲೋಭನೆ ಕಾದಿದೆ. ಟೆನಿಯಲ್ 1914ರಲ್ಲಿಯೇ ತೀರಿಕೊಂಡದ್ದರಿಂದ ಅವರ ಚಿತ್ರಗಳನ್ನು ಯಾರ ಅಪ್ಪಣೆಯೂ ಇಲ್ಲದೆ, ಬಿಡಿಗಾಸು ಖರ್ಚಿಲ್ಲದೆ ಎತ್ತಿ ಹಾಕಿಕೊಳ್ಳಬಹುದು. ಹಾಗೆ ಮಾಡಿದರೆ ಪಾಪಚ್ಚಿ ಮತ್ತೆ ವಿಕ್ಟೋರಿಯಾ ಕಾಲದ ಲಂಗ ತೊಟ್ಟು ಆಲಿಸಳೇ ಆಗಿಬಿಡುತ್ತಾಳೆ, ಕಸ್ತೂರಿಯವರು ಪಟ್ಟ ಶ್ರಮ ನೀರುಪಾಲಾಗುತ್ತದೆ. ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಕೊರವಂಜಿಗೆ ಗೆರೆ ಎಳೆದ ಕಾಲದಿಂದ ಇಂದಿನವರೆಗೆ ಕನ್ನಡದಲ್ಲಿ ಕಪ್ಪು ಮಸಿಯ ಗೆರೆಯಲ್ಲಿ ಪಳಗಿದ ಕೈಗಳಿಗೆ ಬರವಿಲ್ಲ. ಅಂಥ ಒಬ್ಬರಿಗೆ ಹೊಸದಾಗಿ ಬರೆಯಲು ವಹಿಸಬೇಕು. ಕಸ್ತೂರಿಯವರು 1987ರಲ್ಲಿ ನಿಧನರಾದ್ದರಿಂದ ನಮ್ಮ ಕಾನೂನಿನಂತೆ ಅರವತ್ತು ವರ್ಷಗಳ ಹಕ್ಕುಸ್ವಾಮ್ಯ 2047ರವರೆಗೆ ಇರುತ್ತದೆ. ಹಕ್ಕುದಾರರ ಒಪ್ಪಿಗೆ ಪಡೆದು, ಅವರಿಗೆ ಸಲ್ಲಬೇಕಾದ ಗೌರವಧನವನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಡುವುದು ಕ್ಷೇಮ.

ಕಾಗದದ ಬಗೆಗೂ ಒಂದು ಮಾತು, ಏಕೆಂದರೆ ಇದು ಮಲೆನಾಡಿನವರ ಕಷ್ಟ. ಬಣ್ಣದ ಚಿತ್ರವೆಂದರೆ ಹೊಳಪಿನ ಆರ್ಟ್ ಪೇಪರ್ ಎಂಬ ನಂಬಿಕೆ ಪ್ರಕಾಶಕರಲ್ಲಿ ಬೇರೂರಿದೆ. ಆ ಕಾಗದಕ್ಕೆ ಬಳಿದಿರುವ ಲೇಪ ತೇವ ಹೀರಿದರೆ ಪುಟಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಹೋದರೆ ಚಿತ್ರದ ಸಮೇತ ಕಿತ್ತುಬರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಮನೆಗಳಲ್ಲಿ ಗಾಳಿಯಾಡದ ಕವಚದೊಳಗೆ ಪುಸ್ತಕ ಇಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಸುತ್ತಲಿನ ಹಳೆಯ ಎಸ್ಟೇಟ್ ಬಂಗಲೆಗಳ ಕಪಾಟುಗಳಲ್ಲಿ ಚೆಂದದ ಇಂಗ್ಲಿಷ್ ಪುಸ್ತಕಗಳು ಹೀಗೆ ಹಾಳಾದದ್ದನ್ನು ನೋಡಿದ್ದೇನೆ. ಕಪ್ಪು ಗೆರೆಯ ಚಿತ್ರಗಳಾದರೆ ಲೇಪವಿಲ್ಲದ ದಪ್ಪ ಕಾಗದವೇ ಸಾಕು, ವೆಚ್ಚವೂ ಇಳಿಯುತ್ತದೆ. ಕವಚದ ಬದಲು ಆ ಹಣವನ್ನು ಹೊಲಿಗೆಗೆ ಹಾಕಲಿ.

ಚಿತ್ರಕಾರರ ಕೈಗೆ ಕೊಡುವ ಮೊದಲು ಪಾಪಚ್ಚಿಯ ಪಠ್ಯವನ್ನು ಹಳೆಯ ಮುದ್ರಣಗಳೊಂದಿಗೆ ಹೋಲಿಸಿ ಅಚ್ಚಿನ ತಪ್ಪುಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ. ಅಂಥ ಪ್ರತಿಗಳು ಗ್ರಂಥಾಲಯಗಳಿಗಿಂತ ಹೆಚ್ಚಾಗಿ ಹಳೆಯ ಮೇಷ್ಟರುಗಳ ಮನೆಯ ಅಟ್ಟಗಳಲ್ಲಿ, ಪೆಟ್ಟಿಗೆಗಳಲ್ಲಿ ಸಿಗುವ ಸಂಭವವಿದೆ. ತಮ್ಮ ಪತ್ರಿಕೆಯು ಓದುಗರಲ್ಲಿ ಒಂದು ವಿನಂತಿಯನ್ನು ಪ್ರಕಟಿಸಿ, ಪ್ರತಿ ಇರುವವರು ಅದರ ಶೀರ್ಷಿಕೆ ಪುಟದ ಹಾಗೂ ಹಿಂಬದಿಯ ಮುದ್ರಣ ವಿವರದ ಫೋಟೋ ತೆಗೆದು ಪುರವಣಿ ವಿಭಾಗಕ್ಕೆ ಕಳುಹಿಸಿಕೊಡುವಂತೆ ಕೇಳಿದರೆ, ಅವುಗಳನ್ನು ಪಟ್ಟಿ ಮಾಡಿ ವರ್ಷವಾರು ಜೋಡಿಸಿಕೊಡುವ ಕೆಲಸವನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗ್ರಂಥಪಾಲಕ, ಚಿಕ್ಕಮಗಳೂರು